ಹಳೆ ರೈಲುಬೋಗಿಗಳ ದುರಸ್ತಿ: ಯಾವುದಕ್ಕೆ ಮೊದಲ ಸರದಿ?

1984ರ ಆಗಸ್ಟಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಉಕ್ಕಿನ ಬೋಗಿಗಳ ಒಂದು ತಲೆಮಾರೇ ಒಟ್ಟಿಗೆ ನಿವೃತ್ತಿಯಾಯಿತು. ಲ್ಯಾಕವಾನಾ ರೈಲ್ವೆ ಹೊಬೋಕನ್ ಊರಿನಿಂದ ಹೊರಡುವ ತನ್ನ ಉಪನಗರ ಮಾರ್ಗಗಳನ್ನು 1930ರಲ್ಲಿ 3,000 ವೋಲ್ಟ್ ಡಿ.ಸಿ. ವಿದ್ಯುತ್ತಿಗೆ ಬದಲಿಸಿತ್ತು. ಮೊದಲ ಗಾಡಿಯನ್ನು ನಡೆಸಿದ್ದು ಥಾಮಸ್ ಎಡಿಸನ್. ಅದೇ ಮಾರ್ಗಗಳು 25,000 ವೋಲ್ಟ್ ಎ.ಸಿ.ಗೆ ಹೋದಾಗ ಅರ್ಧ ಶತಮಾನ ದುಡಿದ ಬೋಗಿಗಳಿಗೆ ಕೆಲಸವಿಲ್ಲದಾಯಿತು. ಗುಜರಿಗೆ ಹೋಗಬೇಕಾಗಿದ್ದವನ್ನು ದೇಶದ ಉದ್ದಗಲದ ಪಾರಂಪರಿಕ ರೈಲುಗಳು, ಅಂದರೆ ಹಳೆಯ ಗಾಡಿಗಳನ್ನು ಉಳಿಸಿ ಓಡಿಸುವ ಸಂಸ್ಥೆಗಳು, ಕೊಂಡವು. ಹೆಣೆದ ಬೆತ್ತದ ಸೀಟು, ತೆರೆಯುವ ಕಿಟಕಿ, ರಿವೆಟ್ ಹೊಡೆದ ಗಟ್ಟಿ ಮೈ. ಉಗಿಬಂಡಿಯ ಹಿಂದೆ ಕಟ್ಟಿದರೆ ನೋಡಲೂ ಚೆನ್ನ, ಬೆಲೆಯೂ ಕಡಿಮೆ.

ಆಗ ಅವನ್ನು ಕೊಂಡವರು ಅಂದುಕೊಂಡದ್ದು ಒಂದೇ: ಸದ್ಯಕ್ಕೆ ಇವು ಓಡಲಿ, ನಿಧಾನವಾಗಿ ನಮ್ಮ ಸ್ವಂತ ಐತಿಹಾಸಿಕ ಬೋಗಿಗಳನ್ನು ಸರಿಪಡಿಸಿಕೊಳ್ಳೋಣ. ನಲವತ್ತು ವರ್ಷವಾದರೂ ಆ 'ಸದ್ಯಕ್ಕೆ' ಮುಗಿದಿಲ್ಲ. ಈಗ ತಾತ್ಕಾಲಿಕವೆಂದುಕೊಂಡ ಬೋಗಿಗಳಿಗೇ ನೂರರ ಆಸುಪಾಸು ವಯಸ್ಸು. ಷೆಡ್ಡಿನೊಳಗೆ ಕಾದು ಕುಳಿತ ಮರದ ಬೋಗಿಗಳೂ ಹಾಗೇ ಇವೆ, ಹೊರಗೆ ದುಡಿಯುವ ಉಕ್ಕಿನ ಬೋಗಿಗಳೂ ತುಕ್ಕು ಹಿಡಿಯುತ್ತಿವೆ. ಸ್ವಯಂಸೇವಕರು ಕೆಲವೇ ಮಂದಿ, ಕೆಲಸ ಮಾಡುವ ಹಳಿ ಒಂದೋ ಎರಡೋ. ಯಾವುದನ್ನು ಮೊದಲು ಒಳಗೆ ತರಬೇಕು ಎಂಬ ಜಗಳವಿಲ್ಲದ ಪಾರಂಪರಿಕ ರೈಲು ಇಲ್ಲ.

ವಿಸ್ಕಾನ್ಸಿನ್ ರಾಜ್ಯದ ನಾರ್ತ್ ಫ್ರೀಡಮ್ ಊರಿನ ಮಿಡ್-ಕಾಂಟಿನೆಂಟ್ ರೈಲ್ವೆ ಮ್ಯೂಸಿಯಂ ಈ ಬಿಕ್ಕಟ್ಟಿಗೆ ಒಳ್ಳೆಯ ಉದಾಹರಣೆ. 1959ರಲ್ಲಿ ಹುಟ್ಟಿ 1963ರಲ್ಲಿ ಈ ಊರಿಗೆ ಬಂದ ಸಂಸ್ಥೆ. ಸುಮಾರು 1880ರಿಂದ 1916ರವರೆಗಿನ ರೈಲುಯುಗವನ್ನು ತೋರಿಸುವುದು ಅದರ ಗುರಿ, ಹಾಗಾಗಿ ಮರದ ಬೋಗಿಗಳ ಸಂಗ್ರಹವೇ ಅದರ ಹೆಗ್ಗಳಿಕೆ. ಆದರೆ ಹೋಗಿಬರುವ 7 ಮೈಲಿ ಸವಾರಿಯಲ್ಲಿ ಪ್ರಯಾಣಿಕರನ್ನು ಹೊತ್ತದ್ದು ಬಹುಮಟ್ಟಿಗೆ ಲ್ಯಾಕವಾನಾದ ಉಕ್ಕಿನ ಬೋಗಿಗಳು. ಹೆಸರು ತರುವ ಬೋಗಿ ಒಂದು, ಹೊಟ್ಟೆ ಹೊರೆಯುವ ಬೋಗಿ ಇನ್ನೊಂದು. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಒಂದರಿಂದ ಹತ್ತು ಅಂಕಿ ಹಾಕಿದ ಕೂಡಲೇ ಯೋಜನೆ ಹಳಿ ತಪ್ಪುತ್ತದೆ.

ಅಂಕಗಳನ್ನು ಕೂಡಿಸಬೇಡಿ

ಸಾಮಾನ್ಯವಾಗಿ ನಡೆಯುವುದು ಹೀಗೆ. ಸಮಿತಿ ಕೂರುತ್ತದೆ. ಪ್ರತಿ ಬೋಗಿಗೂ ಐತಿಹಾಸಿಕ ಮಹತ್ವ, ಮೈಕಟ್ಟು, ಚಕ್ರ ಮತ್ತು ಬ್ರೇಕ್, ಒಳಾಂಗಣ ಎಂದು ಹತ್ತಕ್ಕೆ ಅಂಕ ಕೊಟ್ಟು ಕೂಡಿಸುತ್ತಾರೆ. ಮಹೋಗನಿ ಮರದ ಒಳಾಂಗಣಕ್ಕೆ 9 ಸಿಕ್ಕಿದ ಬೋಗಿಯ ಬ್ರೇಕಿಗೆ 2 ಬಂದಿದ್ದರೂ ಅದು ಮೇಲಕ್ಕೇರುತ್ತದೆ. ಒಳಾಂಗಣದ ಚೆಲುವು ಬ್ರೇಕಿನ ಕೊರತೆಯನ್ನು ತುಂಬಲಾರದು. ಹಾಗಾಗಿ ಅಂಕಗಳನ್ನು ಕೂಡಿಸುವ ಬದಲು ಜರಡಿಯಂತೆ ಬಳಸಬೇಕು. ಮೊದಲ ಜರಡಿ: ಈ ಬೋಗಿಯೊಳಗೆ ಈಗ ನೀರು ಇಳಿಯುತ್ತಿದೆಯೇ? ಇಳಿಯುತ್ತಿದ್ದರೆ ಸರದಿಯ ಮಾತು ಆಮೇಲೆ, ಈ ಮಳೆಗಾಲದ ಮುಂಚೆ ನೀರು ನಿಲ್ಲಬೇಕು. ಎರಡನೆಯದು: ಮುಂದಿನ ಋತುವಿನಲ್ಲಿ ಜನರನ್ನು ಹೊರಬೇಕಾದ ಬೋಗಿಯೇ? ಹೌದಾದರೆ ಚಕ್ರ, ಬ್ರೇಕ್, ಬೋಗಿಗಳನ್ನು ಜೋಡಿಸುವ ಕಪ್ಲರ್, ತಳದ ತೊಲೆ ಇವಿಷ್ಟೂ ಪಾಸಾಗಬೇಕು. ಈ ಎರಡು ದಾಟಿದ ಮೇಲಷ್ಟೇ ಇತಿಹಾಸ, ಅಪರೂಪ, ಚೆಲುವು ಚರ್ಚೆಗೆ ಬರಲಿ.

ಆಸನಗಳ ಲೆಕ್ಕವನ್ನೂ ಕಾಗದದ ಮೇಲೆ ಮಾಡಬೇಕು. ನಾಲ್ಕು ಬೋಗಿಯ ಗಾಡಿ, ಬೋಗಿಗೆ 70 ಆಸನ ಎಂದಿಟ್ಟುಕೊಳ್ಳೋಣ. ಒಂದು ಬೋಗಿ ಷೆಡ್ಡಿಗೆ ಹೋದರೆ 280 ಆಸನ 210ಕ್ಕೆ ಇಳಿಯುತ್ತದೆ. ಜೂನ್ ತಿಂಗಳ ಮಾಮೂಲಿ ಶನಿವಾರ ಅದು ಯಾರ ಗಮನಕ್ಕೂ ಬರುವುದಿಲ್ಲ. ಅಕ್ಟೋಬರಿನಲ್ಲಿ ಕಾಡಿನ ಎಲೆ ಕೆಂಪಾಗುವ ವಾರಾಂತ್ಯಗಳಲ್ಲಿ, ಡಿಸೆಂಬರಿನ ಸಾಂತಾ ಗಾಡಿಗಳಲ್ಲಿ ಪ್ರತಿ ಆಸನವೂ ಮಾರಾಟವಾಗುತ್ತದೆ. ದಿನಕ್ಕೆ ಮೂರು ಸುತ್ತು, ಎರಡು ವಾರಾಂತ್ಯದ ನಾಲ್ಕು ದಿನ ಎಂದರೆ 840 ಟಿಕೆಟ್ ಕೈತಪ್ಪಿದಂತೆ. ಒಂದು ಬದಲಿ ಬೋಗಿ ಇಟ್ಟುಕೊಳ್ಳುವುದು ದುಂದಲ್ಲ ಎನ್ನುವುದಕ್ಕೆ ಈ ಲೆಕ್ಕ ಸಾಕು.

ಇನ್ನೊಂದು ಲೆಕ್ಕ ಇನ್ನೂ ಕಟು. ಓಡುವ ಬೋಗಿ ಆರು, ಒಂದೊಂದರ ದೊಡ್ಡ ದುರಸ್ತಿಗೆ ಎರಡು ವರ್ಷ ಎಂದರೆ ಸುತ್ತು ಮುಗಿಯಲು 12 ವರ್ಷ ಬೇಕು. ಒಂದೊಂದಕ್ಕೆ ನಾಲ್ಕು ವರ್ಷ ಹಿಡಿದರೆ 24 ವರ್ಷ. ಬಯಲಲ್ಲಿ ನಿಲ್ಲುವ ಉಕ್ಕಿನ ಬೋಗಿಯ ಬಣ್ಣವೂ ಚಾವಣಿಯ ಸಂದುಗಳ ಮೇಣವೂ ಅಷ್ಟು ಕಾಲ ಬಾಳುವುದಿಲ್ಲ. ಆರನೆಯದು ಹೊರಬರುವ ಹೊತ್ತಿಗೆ ಮೊದಲನೆಯದು ಮತ್ತೆ ಕೊಳೆತಿರುತ್ತದೆ. ಅಂದಮೇಲೆ ಓಡುವ ಬೋಗಿಗಳಿಗೆ ಪರಿಪೂರ್ಣ ಪುನರುಜ್ಜೀವನದ ಆಸೆ ಬಿಟ್ಟು, ಚಳಿಗಾಲಕ್ಕೊಂದು ಮುಗಿಯುವಷ್ಟು ಕೆಲಸವನ್ನು ಕತ್ತರಿಸಿಕೊಳ್ಳುವುದೇ ಜಾಣತನ. ಒಂದು ಚಳಿಗಾಲ ಎಡಬದಿಯ ಕೆಳತಗಡು, ಮುಂದಿನ ಚಳಿಗಾಲ ಬಲಬದಿ.

ಉಕ್ಕು ಎಲ್ಲಿ ಸಾಯುತ್ತದೆ

ಉಕ್ಕಿನ ಬೋಗಿಯನ್ನು ಮೇಲಿನಿಂದ ನೋಡಿ ಅಳೆಯುವಂತಿಲ್ಲ. ನೀರು ಕಿಟಕಿಯ ಕೆಳಚೌಕಟ್ಟಿನಿಂದ ಒಳಸೇರಿ, ಹೊರತಗಡಿಗೂ ಒಳಗೋಡೆಗೂ ನಡುವೆ ಇಳಿದು, ಅಲ್ಲಿ ಶಾಖ ತಡೆಯಲು ತುರುಕಿದ ಫೆಲ್ಟಿನಲ್ಲಿ ಹೀರಿಕೊಂಡು, ತಳದ ಉದ್ದತೊಲೆಯ ಮೇಲೆ ಕೂರುತ್ತದೆ. ಮೂಲದಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿದ್ದವು. ನೂರು ವರ್ಷದ ಬಣ್ಣದ ಪದರಗಳು ಅವನ್ನು ಮುಚ್ಚಿಬಿಟ್ಟಿವೆ. ತುಕ್ಕು ಉಕ್ಕಿಗಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುವುದರಿಂದ ರಿವೆಟ್ ಸಾಲುಗಳ ನಡುವೆ ತಗಡು ಉಬ್ಬುತ್ತದೆ. ಹೊರಗಿನಿಂದ ಕಾಣುವ ಆ ಉಬ್ಬು ರೋಗದ ಕೊನೆಯ ಹಂತ. ಪಾಯಿಖಾನೆಯ ಕೆಳಗೆ, ಬಾಗಿಲಮೂಲೆಯ ಕಂಬಗಳ ಬುಡದಲ್ಲಿ, ತುದಿಯ ಅಡ್ಡತೊಲೆಯಲ್ಲಿ ಇದೇ ಕತೆ. ಭಾರೀ ಬೋಗಿಗಳಲ್ಲಿ ನೆಲಕ್ಕೆ ಹಾಕಿದ ಸಿಮೆಂಟಿನ ಪದರವೂ ತೇವ ಹಿಡಿದು ಅಡಿತಗಡನ್ನು ತಿನ್ನುತ್ತದೆ. ನಮ್ಮ ನೀಲಿ ಐಸಿಎಫ್ (ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ) ಬೋಗಿಗಳನ್ನು ವರ್ಕ್‌ಶಾಪಿನಲ್ಲಿ ಬಿಚ್ಚಿದವರಿಗೆ ಇದು ಹೊಸದಲ್ಲ: ಶೌಚಾಲಯದ ಕೆಳಗಿನ ಟ್ರಫ್ ಫ್ಲೋರ್ (ಅಲೆತಗಡಿನ ನೆಲ), ಸೋಲ್‌ಬಾರ್ (ತಳದ ಉದ್ದತೊಲೆ), ಬಾಗಿಲ ಬಳಿಯ ಕಂಬದ ಬುಡ ಅಲ್ಲೂ ಮೊದಲು ಹೋಗುವ ಜಾಗಗಳೇ.

ತಪಾಸಣೆಗೆ ಬೇಕಾದದ್ದು ಚೂಪುಮೊನೆಯ ಸುತ್ತಿಗೆ, ಅಲ್ಟ್ರಾಸೌಂಡಿನ ದಪ್ಪಮಾಪಕ, ಕಿಟಕಿಯ ಕೆಳಗೆ ನಾಲ್ಕೈದು ಒಳಹಲಗೆ ಬಿಚ್ಚುವ ಧೈರ್ಯ. ಬದಿತಗಡು ಮೂಲದಲ್ಲಿ ಸುಮಾರು 1/8 ಇಂಚು, ಅಂದರೆ 3 ಮಿ.ಮೀ.ಗಿಂತ ಚೂರು ಹೆಚ್ಚು. ಮಾಪಕ ಅದರ ಅರ್ಧ ತೋರಿಸುವ ಕಡೆ ತೇಪೆ ಹಾಕುವುದು ವ್ಯರ್ಥ. ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ಹೊಸ ತಗಡು ಕೂರಿಸಬೇಕು. ಇಲ್ಲಿ ಹೆಚ್ಚಿನ ತಂಡಗಳು ಎಡವುವುದು ಶಾಖದಲ್ಲಿ. ಉದ್ದಕ್ಕೂ ಒಂದೇ ಸಮ ವೆಲ್ಡ್ ಮಾಡಿದರೆ ತಗಡು ಅಲೆಅಲೆಯಾಗುತ್ತದೆ, ಹೊಳಪಿನ ಬಣ್ಣ ಬಳಿದ ಮೇಲೆ ಅದು ಇನ್ನಷ್ಟು ಎದ್ದು ಕಾಣುತ್ತದೆ. ಒಂದೊಂದು ಇಂಚಿನ ತುಣುಕು ವೆಲ್ಡ್, ನಡುವೆ ಅಂತರ ಬಿಟ್ಟು ಬೇರೆ ಬೇರೆ ಕಡೆ ಹಾಕುತ್ತಾ, ಆರಲು ಬಿಡುತ್ತಾ ಹೋಗಬೇಕು. ರಿವೆಟ್ ಇದ್ದ ಕಡೆ ರಿವೆಟ್ಟನ್ನೇ ಹೊಡೆಯುವುದು ಉತ್ತಮ. ತಂಡಕ್ಕೆ ಆ ಕೈಚಳಕ ಇಲ್ಲದಿದ್ದರೆ ಗುಂಡುತಲೆಯ ರಿವೆಟ್ ಕೂರಿಸಿ ಹಿಂದಿನಿಂದ ವೆಲ್ಡ್ ಮಾಡುವುದುಂಟು. ಇತಿಹಾಸದ ಕಟ್ಟುನಿಟ್ಟಿನವರು ಒಪ್ಪಲಾರರು. ಟಿಕೆಟ್ ಗಾಡಿಗೆ ಅದು ಸಾಕು ಎಂಬುದು ನಮ್ಮ ಅಭಿಪ್ರಾಯ, ಸಂಗ್ರಹದ ಬೋಗಿಗೆ ಸಾಲದು. ಯಾವ ದಾರಿ ಹಿಡಿದರೂ ಒಳಮೈಗೆ ಸತುವಿನ ಪ್ರೈಮರ್ ಬಳಿದು, ನೀರಿನ ರಂಧ್ರಗಳನ್ನು ಮತ್ತೆ ಕೊರೆದು, ಆಮೇಲೆ ಗೋಡೆ ಮುಚ್ಚಬೇಕು. ಹೊರಗೆ ಎಷ್ಟೇ ಬಣ್ಣ ಹೊಡೆದರೂ ತುಕ್ಕು ಬರುವುದು ಒಳಗಿನಿಂದ.

ಕೆರೆಯುವ ಮುನ್ನ ಎರಡು ಪರೀಕ್ಷೆ ಕಡ್ಡಾಯ. ಹಳೆ ಬಣ್ಣದಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಉಗಿಯ ಕೊಳವೆಗಳ ಸುತ್ತಲಿನ ಹೊದಿಕೆಯಲ್ಲೂ ಕೆಲವೊಮ್ಮೆ ಗೋಡೆಯೊಳಗೂ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಉತ್ತರ ಬರುವವರೆಗೂ ಗ್ರೈಂಡರ್ ಹಚ್ಚುವಂತಿಲ್ಲ. ಕಲ್ನಾರು ಸಿಕ್ಕರೆ ತೆಗೆಯುವ ಕೆಲಸ ಪರವಾನಗಿ ಇರುವವರದ್ದು. ಆ ಖರ್ಚು ಬಜೆಟ್ಟಿನ ಮೊದಲ ಸಾಲಿನಲ್ಲೇ ಇರಬೇಕು, ಅರ್ಧ ಕೆಲಸವಾದ ಮೇಲೆ ಎದುರಾಗಬಾರದು.

ಮರಕ್ಕೆ ಬೇರೆ ನ್ಯಾಯ

ಮರದ ಬೋಗಿ ತೂಗುಸೇತುವೆಯ ತರ್ಕದಲ್ಲಿ ನಿಂತಿರುತ್ತದೆ. ಉದ್ದಕ್ಕೂ ಆರೆಂಟು ಪೈನ್ ತೊಲೆ, ತುದಿಗಳಲ್ಲಿ ಓಕ್ ಅಡ್ಡತೊಲೆ, ಅಡಿಯಲ್ಲಿ ಕಬ್ಬಿಣದ ಟ್ರಸ್ ಸರಳು. ಸರಳಿನ ನಡುವಿನ ಟರ್ನ್‌ಬಕಲ್ ಎಂಬ ಬಿಗಿತಿರುಪನ್ನು ಬಿಗಿದರೆ ಬೋಗಿಯ ನಡು ಮೇಲೇಳುತ್ತದೆ. ದಶಕಗಟ್ಟಲೆ ನಿಂತ ಬೋಗಿಯ ನಡು ಕುಗ್ಗಿರುತ್ತದೆ, ಇಲ್ಲವೇ ತುದಿಯ ಜಗಲಿಗಳು ಜೋತುಬಿದ್ದಿರುತ್ತವೆ. ಕುಗ್ಗಿದ್ದು ಕಂಡ ಕೂಡಲೇ ಟರ್ನ್‌ಬಕಲ್ ತಿರುಗಿಸುವವರುಂಟು. ತೊಲೆಯ ತುದಿ ಕೊಳೆತಿದ್ದರೆ ನಡು ಏಳುವ ಬದಲು ತುದಿಯ ಅಡ್ಡತೊಲೆಯೇ ಒಳಕ್ಕೆ ಎಳೆದುಕೊಂಡು ಪುಡಿಯಾಗುತ್ತದೆ. ಮೊದಲು ಜಾಕ್ ಕೊಟ್ಟು ಭಾರ ಇಳಿಸಬೇಕು, ಉದ್ದಕ್ಕೂ ದಾರ ಕಟ್ಟಿ ಎಷ್ಟು ತಗ್ಗಿದೆ ಎಂದು ಬರೆದಿಡಬೇಕು, ಕೊಳೆತ ತುದಿ ಬದಲಿಸಬೇಕು. ಆಮೇಲೆ ಎಲ್ಲ ಸರಳುಗಳಿಗೂ ಸಮನಾಗಿ ಕಾಲುಸುತ್ತು, ಮರ ಹೊಂದಿಕೊಳ್ಳಲು ಕೆಲವು ದಿನ ಬಿಡುವು, ಮತ್ತೆ ಕಾಲುಸುತ್ತು. ಅವಸರ ಮಾಡಿದರೆ ಕಿಟಕಿಕಂಬಗಳ ಕೀಲು ಕಿತ್ತು ಬರುತ್ತದೆ.

ಇಡೀ ತೊಲೆ ಬದಲಿಸದೆ ತುಂಡು ಜೋಡಿಸುವುದಾದರೆ, ಎರಡೂ ತುದಿ ಓರೆಯಾಗಿ ಕತ್ತರಿಸಿ ಸೇರಿಸುವ ಓರೆಬೆಸುಗೆಯ ಇಳಿಜಾರು 1:8ರಿಂದ 1:12ರೊಳಗಿರಲಿ. 8 ಇಂಚು ಎತ್ತರದ ತೊಲೆಗೆ 1:10 ಎಂದರೆ 80 ಇಂಚು ಉದ್ದದ ಓರೆ. ಚಿಕ್ಕದಾಗಿ ಮುಗಿಸುವ ಆಸೆ ಇಲ್ಲೇ ಹುಟ್ಟುತ್ತದೆ, ಅದಕ್ಕೆ ಮಣಿಯಬಾರದು. ಬೋಗಿಯ ಭಾರ ಕೆಳಗಿನ ಚಕ್ರಚೌಕಟ್ಟಿಗೆ ಇಳಿಯುವ ಬೋಲ್ಸ್ಟರ್ ಎಂಬ ಅಡ್ಡತೊಲೆಯ ಮೇಲೆ, ಟ್ರಸ್ ಸರಳು ತಾಗುವ ಅಡ್ಡತೊಲೆಯ ಮೇಲೆ ಬೆಸುಗೆ ಬರಲೇಕೂಡದು. ಎಪಾಕ್ಸಿ ತುಂಬುವುದು ಕಿಟಕಿಯ ಅಲಂಕಾರಪಟ್ಟಿಗೆ ಸರಿ, ಭಾರ ಹೊರುವ ತೊಲೆಗೆ ಅಲ್ಲ. ಹಳೆಯ ಬೋಗಿಗಳ ಲಾಂಗ್‌ಲೀಫ್ ಪೈನ್ ಈಗ ಹೊಸದಾಗಿ ದಕ್ಕುವುದು ಅಪರೂಪ. ಕೆಡವಿದ ಹಳೆ ಗಿರಣಿಗಳ ತೊಲೆಗಳೇ ಗತಿ. ಒಳ್ಳೆಯ ತೊಲೆ ಕಣ್ಣಿಗೆ ಬಿದ್ದಾಗಲೇ ಕೊಂಡು ಒಣಗಲು ಇಡುವವರ ಕೆಲಸ ಮುಂದೆ ಸಲೀಸು.

ಮರದಲ್ಲಿ ಕೊಳೆ ಬೆಳೆಯಲು ತೇವ ಬೇಕು. ತೇವಮಾಪಕ 20 ಶೇಕಡಾಕ್ಕಿಂತ ಕೆಳಗೆ ತೋರಿಸುತ್ತಿರುವಷ್ಟು ಕಾಲ ಶಿಲೀಂಧ್ರಕ್ಕೆ ಎಡೆಯಿಲ್ಲ. ಅಂದರೆ ಚಾವಣಿಯಡಿ ನಿಂತ ಮರದ ಬೋಗಿ ಇಪ್ಪತ್ತು ವರ್ಷ ಕಾಯಬಲ್ಲದು, ಬಯಲಲ್ಲಿ ನಿಂತದ್ದು ಐದು ವರ್ಷ ಕಾಯುವುದೂ ಕಷ್ಟ. ಹೆಚ್ಚಿನ ಸಂಗ್ರಹಾಲಯಗಳು ಇಷ್ಟಪಡದ ತೀರ್ಮಾನಕ್ಕೆ ಇದು ತಂದು ನಿಲ್ಲಿಸುತ್ತದೆ: ಮರದ ಬೋಗಿಗಳಿಗೆ ಮೊದಲು ಖರ್ಚಾಗಬೇಕಾದ ಹಣ ಯಾವ ಬೋಗಿಯ ಮೇಲೂ ಅಲ್ಲ, ಷೆಡ್ಡಿನ ಮೇಲೆ. ಗೋಡೆ ಇಲ್ಲದಿದ್ದರೂ ಪರವಾಗಿಲ್ಲ, ಕಂಬದ ಮೇಲೆ ತಗಡು ಹೊದಿಸಿದರೂ ನಡೆದೀತು. ಒಂದು ಬೋಗಿಯ ಸಂಪೂರ್ಣ ದುರಸ್ತಿಗೆ ತಗಲುವ ಹಣ, ಶ್ರಮಗಳಲ್ಲಿ ಹಲವು ಬೋಗಿಗಳ ಕೊಳೆತ ನಿಲ್ಲುತ್ತದೆ. ದಾನಿಗಳಿಗೆ ಷೆಡ್ಡು ಸಪ್ಪೆ, ಫೋಟೊ ಚೆನ್ನಾಗಿ ಬರುವುದಿಲ್ಲ. ಆದರೂ ಕೇಳಬೇಕಾದದ್ದು ಅದನ್ನೇ.

ಷೆಡ್ಡು ಕಟ್ಟುವವರೆಗೆ ಬೋಗಿಯ ಚಾವಣಿ. ಮೂಲದಲ್ಲಿ ದಪ್ಪ ಹತ್ತಿ ಕ್ಯಾನ್ವಾಸನ್ನು ದಟ್ಟ ಬಣ್ಣದ ಮೇಲೆ ಹಾಸಿ, ಎಳೆದು, ಅಂಚಿಗೆ ಮೊಳೆ ಹೊಡೆದು, ಮೇಲೆ ಪದರಪದರ ಬಣ್ಣ ಕುಡಿಸುತ್ತಿದ್ದರು. ನಡುವೆ ಎತ್ತರಿಸಿದ ಕ್ಲಿಯರ್‌ಸ್ಟೋರಿ ಚಾವಣಿಯಲ್ಲಿ ಸೋರುವುದು ಮೇಲಿನ ಭಾಗ ಕೆಳಭಾಗಕ್ಕೆ ಸೇರುವ ಗೆರೆಯಲ್ಲಿ, ಮತ್ತು ಗಾಳಿಕಿಂಡಿಗಳ ಸುತ್ತ. ನೀಲಿ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟುವುದು ಇನ್ನೊಂದು ಸಾಮಾನ್ಯ ತಪ್ಪು. ಒಳಗಿನ ತೇವ ಹೊರಹೋಗದೆ ಬೋಗಿ ಬೆಂದಂತಾಗುತ್ತದೆ. ಟಾರ್ಪಾಲಿನಡಿ ಪಟ್ಟಿ ಇಟ್ಟು ಗಾಳಿಯಾಡಲು ಜಾಗ ಬಿಡಬೇಕು, ಬದಿಗಳನ್ನು ಮುಚ್ಚಬಾರದು.

ದುರಸ್ತಿ ಮುಗಿದ ಮರದ ಬೋಗಿ ಓಡಬೇಕೇ ಎಂಬುದು ಪ್ರತ್ಯೇಕ ಪ್ರಶ್ನೆ. ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್ ರೈಲು ಮರದ ಬೋಗಿಗಳಲ್ಲೇ ಜನರನ್ನು ಒಯ್ಯುತ್ತದೆ, ಹಾಗಾಗಿ ಆಗದ ಮಾತಲ್ಲ. ಆದರೆ ಅಲ್ಲಿ ಬೇರೆಯವರ ಕೆಲಸವನ್ನೂ ಹಿಡಿಯುವಷ್ಟು ಸಮರ್ಥ ವರ್ಕ್‌ಶಾಪ್ ಇದೆ. ಆ ಬೆಂಬಲವಿಲ್ಲದ ಕಡೆ ಮರದ ಬೋಗಿ ವರ್ಷಕ್ಕೆ ಕೆಲವೇ ದಿನ ಓಡಿದರೆ ಸಾಕು. ಓಡುವಾಗ ಗಾಡಿಯ ಕೊನೆಯಲ್ಲಿರಲಿ. ಭಾರದ ಉಕ್ಕಿನ ಬೋಗಿಗಳ ನಡುವೆ ಸಿಕ್ಕಿಸಿದರೆ ಎಳೆತವೂ ತಳ್ಳಾಟವೂ ಅದರ ತೊಲೆಗಳ ಮೂಲಕವೇ ಹಾಯುತ್ತದೆ. ಡಿಕ್ಕಿಯಾದಾಗ ಒಂದು ಬೋಗಿ ಇನ್ನೊಂದರೊಳಗೆ ತೂರುತ್ತಿದ್ದದ್ದೂ ಅಮೆರಿಕದ ರೈಲುಗಳು ಮರ ಬಿಟ್ಟು ಉಕ್ಕಿಗೆ ಹೋದ ಕಾರಣಗಳಲ್ಲೊಂದು.

ನೆಲಮಟ್ಟದ ಕೆಲಸ

ಬೋಗಿಯ ಮೈ ಎಷ್ಟು ಚೆನ್ನಾಗಿದ್ದರೂ ಟ್ರಕ್, ಅಂದರೆ ಕೆಳಗಿನ ಚಕ್ರಚೌಕಟ್ಟು, ಕೈಕೊಟ್ಟರೆ ಗಾಡಿ ನಿಂತಿತು. ಹಳೆಯ ಬೋಗಿಗಳಲ್ಲಿ ಅಚ್ಚಿನ ತುದಿ ಬ್ಯಾಬಿಟ್ ಎಂಬ ಮೆದುಲೋಹದ ಪದರವಿರುವ ಕಂಚಿನ ಬೇರಿಂಗಿನ ಕೆಳಗೆ ತಿರುಗುತ್ತದೆ, ಬೇರಿಂಗ್ ಕೂತ ಪೆಟ್ಟಿಗೆಯೊಳಗಿನ ಪ್ಯಾಡ್ ಕೆಳಗಿನಿಂದ ಎಣ್ಣೆ ಸವರುತ್ತದೆ. ನಿಂತ ಬೋಗಿಯ ಶತ್ರು ನೀರು. ಅದು ಎಣ್ಣೆಗಿಂತ ಭಾರ, ಪೆಟ್ಟಿಗೆಯ ತಳ ಸೇರಿ ಪ್ಯಾಡಿನ ಮೂಲಕ ಅಚ್ಚಿಗೇ ಮೆತ್ತಿಕೊಳ್ಳುತ್ತದೆ. ಅಲ್ಲಿ ಹುಟ್ಟಿದ ತುಕ್ಕಿನ ಕಲೆ ಮುಂದಿನ ಬೇಸಿಗೆಯಲ್ಲಿ ಬ್ಯಾಬಿಟ್ ಕೆರೆದು ಪೆಟ್ಟಿಗೆ ಬಿಸಿಯೇರುವಂತೆ ಮಾಡುತ್ತದೆ. 2008ರ ಜೂನಿನಲ್ಲಿ ಬರಾಬೂ ನದಿ ಉಕ್ಕಿ ಮಿಡ್-ಕಾಂಟಿನೆಂಟಿನ ಅಂಗಳಕ್ಕೆ ನುಗ್ಗಿತು. ಇಂಥ ನೆರೆಯ ಮೇಲೆ, ಮುಳುಗಿದ ಪ್ರತಿ ಪೆಟ್ಟಿಗೆಯನ್ನೂ ತೆರೆದು ಒರೆಸಿ ಹೊಸ ಎಣ್ಣೆ ಹಾಕುವವರೆಗೆ ಬೋಗಿಯನ್ನು ಅಲುಗಿಸಬಾರದು. ನೆರೆ ಬರದಿದ್ದರೂ ಪೆಟ್ಟಿಗೆಯ ಮುಚ್ಚಳದ ಸ್ಪ್ರಿಂಗು ಸಡಿಲವಾಗಿದ್ದರೆ ಮಳೆಯೇ ಸಾಕು. ಮುಚ್ಚಳ ಸರಿಪಡಿಸುವುದು ಅರ್ಧ ಗಂಟೆಯ ಕೆಲಸ, ಸರದಿಗೆ ಕಾಯಬೇಕಾಗಿಲ್ಲ.

ಚಕ್ರಗಳಿಗೆ ಅಳತೆಯ ಗೇಜ್ ಹಿಡಿಯಬೇಕು. ಅಮೆರಿಕದ ಫೆಡರಲ್ ನಿಯಮ ಸರಕು ವ್ಯಾಗನ್ನುಗಳಿಗೆ ಹೇಳುವ ಮಿತಿಗಳು ಆರಂಭದ ಅಂದಾಜಿಗೆ ಉಪಯುಕ್ತ: ಫ್ಲ್ಯಾಂಜ್, ಅಂದರೆ ಚಕ್ರವನ್ನು ಹಳಿಯ ಮೇಲೆ ಹಿಡಿಯುವ ಏಣಿನ ದಪ್ಪ 7/8 ಇಂಚಿಗೆ ಇಳಿದರೆ, ಅದರ ಎತ್ತರ 1½ ಇಂಚು ಮುಟ್ಟಿದರೆ, ಚಕ್ರದ ಮೇಲೆ 2½ ಇಂಚಿಗಿಂತ ಉದ್ದದ ಸಪಾಟು ಕಲೆ ಇದ್ದರೆ ಆ ಚಕ್ರ ಓಡುವಂತಿಲ್ಲ. ಪ್ರಯಾಣಿಕರ ಬೋಗಿ ಈ ಅಂಚಿಗೆ ಬರುವ ಮುಂಚೆಯೇ ಬದಲಿ ಅಚ್ಚು ಕೈಯಲ್ಲಿರಬೇಕು. ಬ್ರೇಕಿನದ್ದೂ ಅಷ್ಟೇ ನೇರ: ಬ್ರೇಕ್ ಪೈಪಿನ ಸೋರಿಕೆ ನಿಮಿಷಕ್ಕೆ 5 ಪೌಂಡ್ ಒತ್ತಡ ಮೀರಬಾರದು. ಮೀರಿದಾಗ ವಾಲ್ವ್ ಬಿಚ್ಚುವ ಮುನ್ನ ಸೋಪುನೀರು ಹಚ್ಚಿ ಹೋಸ್, ಗ್ಯಾಸ್ಕೆಟ್, ಅಲುಗಾಡಿ ಸಡಿಲವಾದ ಪೈಪು ನೋಡಬೇಕು. ಹೆಚ್ಚಿನ ಸಲ ತಪ್ಪಿತಸ್ಥ ಅಲ್ಲೇ ಸಿಗುತ್ತದೆ. ವಾಲ್ವುಗಳನ್ನು ನಿಗದಿತ ಅವಧಿಗೆ ಬಿಚ್ಚಿ ತೊಳೆದು ಪರೀಕ್ಷಿಸುವುದು ಹೇಗೂ ತಪ್ಪದು, ಯುಸಿ ಎಂಬ ಹಳೆಯ ವಾಲ್ವ್ ಮಾದರಿಗೆ ಆ ಅವಧಿ ಬೇಗ ಬರುತ್ತದೆ. ಎಲ್ಲ ಬೋಗಿಗಳಲ್ಲೂ ಒಂದೇ ಮಾದರಿಯ ವಾಲ್ವ್ ಇದ್ದರೆ ಎರಡು ಬದಲಿ ವಾಲ್ವು ಇಡೀ ಗಾಡಿಯನ್ನು ಕಾಯುತ್ತವೆ. ಒಂದೇ ವಂಶದ ಲ್ಯಾಕವಾನಾ ಬೋಗಿಗಳ ದೊಡ್ಡ ಗುಣ ಇದು: ಕಿಟಕಿಯ ಒಂದು ಪಡಿಯಚ್ಚು ಮಾಡಿಕೊಂಡರೆ ಅನೇಕ ಬೋಗಿಗೆ ಆಯಿತು. ಕೊಳ್ಳುವಾಗ 'ಚಂದದ ಒಂಟಿ ಬೋಗಿ' ಎಂದು ಮನಸೋತವರು ಪ್ರತಿ ಬಿಡಿಭಾಗಕ್ಕೂ ಹೊಸದಾಗಿ ನಕ್ಷೆ ಬರೆಸಬೇಕಾಗುತ್ತದೆ.

ಹೊರಗಿನ ವರ್ಕ್‌ಶಾಪಿಗೆ ಕಳಿಸುತ್ತೇವೆ ಎನ್ನುವವರು ಸಾಗಣೆಯನ್ನು ಮರೆಯುತ್ತಾರೆ. ಕಂಚಿನ ಬೇರಿಂಗಿನ ಬೋಗಿಯನ್ನು ಈಗ ದೊಡ್ಡ ರೈಲು ಕಂಪನಿಗಳು ತಮ್ಮ ಹಳಿಯ ಮೇಲೆ ಮಾಮೂಲಿಯಾಗಿ ಒಯ್ಯುವುದಿಲ್ಲ. ಎರಡು ಕ್ರೇನು ತಂದು, ಮೈಯನ್ನು ಟ್ರಕ್ಕಿನಿಂದ ಎತ್ತಿ, ರಸ್ತೆಯ ಮೇಲೆ ಟ್ರೇಲರಿನಲ್ಲಿ ಸಾಗಿಸಬೇಕು. ಬರುವಾಗ ಮತ್ತೆ ಅದೇ. ಆ ಹಣದಲ್ಲಿ ಒಬ್ಬ ವೆಲ್ಡರನ್ನು ಚಳಿಗಾಲ ಪೂರ್ತಿ ಸಂಬಳಕ್ಕೆ ಇಡಬಹುದೇ ಎಂದು ಮೊದಲು ಲೆಕ್ಕ ಹಾಕಿ. ಕಳಿಸುವುದೇ ಆದರೆ ಟ್ರಕ್ಕುಗಳನ್ನಷ್ಟೇ ಕಳಿಸಿ, ಮೈಯ ಕೆಲಸ ಮನೆಯಲ್ಲೇ ಮಾಡಿಕೊಳ್ಳುವುದು ಅಗ್ಗ.

ಸರದಿಯಲ್ಲಿ ಯಾರೂ ಮುಂದೆ ತರದ ಒಂದು ಬೋಗಿ ಇದೆ: ಅರ್ಧ ಸಾಮಾನಿಗೆ, ಅರ್ಧ ಜನರಿಗೆ ಎಂದು ಕಟ್ಟಿದ ಕಂಬೈನ್. ಅದಕ್ಕೆ ಆಸನ ಕಡಿಮೆ, ಹಾಗಾಗಿ ಸಮಿತಿಗಳು ಕೆಳಗೆ ತಳ್ಳುತ್ತವೆ. ಆದರೆ ಸಾಮಾನಿನ ಅಗಲ ಬಾಗಿಲಿಗೆ ಲಿಫ್ಟ್ ಜೋಡಿಸಿದರೆ ಮೂಲ ರೂಪ ಕೆಡಿಸದೆ ಗಾಲಿಕುರ್ಚಿಯವರನ್ನು ಹತ್ತಿಸಬಹುದು. ಜನರೇಟರ್, ತಿಂಡಿಯ ಕೌಂಟರ್ ಎರಡಕ್ಕೂ ಜಾಗವಿದೆ. ಓಡುವ ಗಾಡಿಯಲ್ಲಿ ಇದಿಲ್ಲದಿದ್ದರೆ ಎರಡನೆಯ ಸರದಿ ಇದಕ್ಕೇ ಸಲ್ಲಬೇಕು.

ದಾನಿಗಳ ಷರತ್ತು ಇನ್ನೊಂದು ತೊಡಕು. ಉಗಿಬಂಡಿಗೆ ಹಣ ಬರುವಷ್ಟು ಸುಲಭವಾಗಿ ಬೋಗಿಗೆ ಬರುವುದಿಲ್ಲ. ಮಿಡ್-ಕಾಂಟಿನೆಂಟಿನ 1907ರ 1385 ನಂಬರಿನ ಉಗಿಬಂಡಿ 1998ರಲ್ಲಿ ಓಟ ನಿಲ್ಲಿಸಿದ ಮೇಲೆ ಅದರ ಪುನರ್‌ನಿರ್ಮಾಣದ ಸುತ್ತಲೇ ಜನರ ಕಣ್ಣಿತ್ತು. ಎಂಜಿನ್ ಸಿದ್ಧವಾದ ದಿನ ಹಿಂದೆ ಕಟ್ಟಲು ಬೋಗಿ ಇರಬೇಕಲ್ಲ? ಇಂಥದೇ ಬೋಗಿಗೆ ಎಂದು ಬರುವ ದೇಣಿಗೆಯ ಒಂದು ಪಾಲು ಚಕ್ರ, ಬ್ರೇಕ್, ಷೆಡ್ಡುಗಳ ಸಾಮಾನ್ಯ ನಿಧಿಗೆ ಸೇರುತ್ತದೆ ಎಂದು ಒಪ್ಪಂದದಲ್ಲೇ ಬರೆಯುವುದು ಮರ್ಯಾದೆಯ ದಾರಿ. ಹಣ ಬಂದಿದೆ ಎಂಬ ಒಂದೇ ಕಾರಣಕ್ಕೆ ಎರಡನೆಯ ಬೋಗಿಯನ್ನೂ ಬಿಚ್ಚಿಬಿಟ್ಟರೆ ಇಬ್ಬರು ಬಡಗಿಗಳು ಎರಡು ಕಡೆ ಹಂಚಿಹೋಗುತ್ತಾರೆ. ಬಿಚ್ಚಿದ ಭಾಗಗಳ ಗುರುತುಚೀಟಿ ಉದುರುತ್ತದೆ, ಹಿತ್ತಾಳೆಯ ಹಿಡಿಕೆಗಳು ಕಾಣೆಯಾಗುತ್ತವೆ. ಅರ್ಧ ಬಿಚ್ಚಿದ ಬೋಗಿಗಿಂತ ಮುಟ್ಟದ ಬೋಗಿಯೇ ವಾಸಿ.

ಕೊನೆಗೆ ದುರಸ್ತಿಯೇ ಬೇಡವಾದ ಬೋಗಿಗಳ ಪಟ್ಟಿಯೊಂದು ಬೇಕು. ಒಂದೇ ಮಾದರಿಯ ಐದನೆಯದು, ತಳದ ತೊಲೆ ಮುರಿದದ್ದು, ಆ ಪ್ರದೇಶದ ಇತಿಹಾಸಕ್ಕೆ ಸಂಬಂಧವೇ ಇಲ್ಲದ್ದು. ಇವನ್ನು ಬೇರೆ ಸಂಸ್ಥೆಗೆ ಕೊಡಬಹುದೇ ಎಂದು ಮೊದಲು ವಿಚಾರಿಸಬೇಕು. ಯಾರಿಗೂ ಬೇಡವಾದರೆ ಅಳತೆ, ನಕ್ಷೆ, ಫೋಟೊ, ಬಣ್ಣದ ಪದರಗಳ ಮಾದರಿ ತೆಗೆದಿಟ್ಟು ಬಿಡಿಭಾಗಕ್ಕೆ ಬಳಸುವುದರಲ್ಲಿ ನಾಚಿಕೆಯಿಲ್ಲ. ಗುಜರಿಯವನು ಬರುವ ಮುನ್ನ ಅಚ್ಚುಗಳು, ಕಂಚಿನ ಬೇರಿಂಗು ಮತ್ತು ಬೆಣೆಗಳು, ಬ್ರೇಕ್ ವಾಲ್ವ್ ಮತ್ತು ಸಿಲಿಂಡರ್, ಕಪ್ಲರ್ ತಲೆ, ಕಿಟಕಿಯ ಚೌಕಟ್ಟು, ಸೀಟಿನ ಕಬ್ಬಿಣದ ಕಾಲುಗಳು ಕಳಚಿ, ಯಾವ ಬೋಗಿಯದೆಂದು ಚೀಟಿ ಕಟ್ಟಿ ಒಳಗಿಡಬೇಕು.